ಊರಿನ ಹಳೇ ಕಾನು ಉಳಿಸಬೇಕಾ? ಒಳಗೆ ಕೈ ಹಾಕಬೇಡಿ, ಅಂಚು ಕಾಯಿರಿ

ನಿಮ್ಮೂರಿನಲ್ಲೂ ದೇವರ ಹೆಸರಿಗೆ ಬಿಟ್ಟ ಒಂದು ಹಳೇ ಕಾಡು ಇರಬಹುದು. ಚೌಡಿಯದ್ದೋ, ಭೂತಪ್ಪನದ್ದೋ, ಜಟಕನದ್ದೋ. ಸಾಗರ, ಸೊರಬ, ಸಿದ್ದಾಪುರದ ಕಡೆ ಇದಕ್ಕೆ ಕಾನು ಅನ್ನುತ್ತೇವೆ, ಕೊಡಗಿನಲ್ಲಿ ದೇವರಕಾಡು. ಮಳೆಗಾಲ ಬಂತು ಅಂದ ಕೂಡಲೇ ಸಸಿ ಹಿಡಿದುಕೊಂಡು ಇಂಥ ಕಾಡಿನೊಳಗೆ ಹೋಗುವವರಿಗೆ ನನ್ನದು ಒಂದೇ ಮಾತು: ಒಳಗೆ ನೆಡಬೇಡಿ. ಅಲ್ಲಿ ನೆಡುವ ಕೆಲಸ ಹಣ್ಣು ತಿಂದು ಬೀಜ ಬೀಳಿಸುವ ಮಂಗಟ್ಟೆ ಹಕ್ಕಿ, ಸಿಂಗಳೀಕ, ಬಾವಲಿಗಳದ್ದು. ನಮ್ಮ ಕೆಲಸ ಇರುವುದು ಅಂಚಿನಲ್ಲಿ.

ಮೊದಲು ಅದು ನಿಜವಾಗಿ ಹಳೇ ಕಾಡು ಹೌದಾ ನೋಡಿ. ಏಪ್ರಿಲ್ ಮಧ್ಯಾಹ್ನ ಹೋಗಿ. ಹೊರಗೆ ಗದ್ದೆ ಬಿರುಕು ಬಿಟ್ಟಿರುತ್ತದೆ, ಒಳಗೆ ಹತ್ತು ಹೆಜ್ಜೆ ಇಟ್ಟರೆ ಮೈ ತಣ್ಣಗಾಗಬೇಕು. ಕೂತು ಕೈಯಿಂದ ದರಗು ಸರಿಸಿ. ಮೇಲೆ ಒಣ ಎಲೆ, ಅದರ ಕೆಳಗೆ ಅರ್ಧ ಕೊಳೆತ ಒದ್ದೆ ಎಲೆ, ಎಲೆಗಳನ್ನು ಹೊಲಿದ ಹಾಗೆ ಬಿಳೀ ಶಿಲೀಂಧ್ರದ ಎಳೆಗಳು, ಆಮೇಲೆ ಕೈಗೆ ಅಂಟುವ ಕಪ್ಪು ಮಣ್ಣು. ಇಷ್ಟು ಪದರ ಇದ್ದರೆ ಆ ನೆಲವನ್ನು ತುಂಬಾ ಕಾಲದಿಂದ ಯಾರೂ ಕೆದಕಿಲ್ಲ. ದೊಡ್ಡ ಮರ ಮಾತ್ರ ನೋಡಬೇಡಿ, ಎಲ್ಲ ವಯಸ್ಸಿನ ಮರ ಇವೆಯಾ ನೋಡಿ. ತೊಡೆ ದಪ್ಪದ ಬಳ್ಳಿ, ನಿಂತಲ್ಲೇ ಸತ್ತ ಮರ, ಬಿದ್ದು ಪಾಚಿ ಹಿಡಿದ ದಿಮ್ಮಿ ಇವೆಲ್ಲ ಒಳ್ಳೆಯ ಗುರುತು. ಚಂದಕಲು ಗಿಡ ಎಲ್ಲೆಡೆ ತುಂಬಿದ್ದರೆ ಮೇಲಿನ ಚಪ್ಪರ ಹರಿದು ಬಿಸಿಲು ಇಳಿದಿದೆ ಅಂತ ಅರ್ಥ.

ಮರದ ವಯಸ್ಸು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಿತ್ಯಹರಿದ್ವರ್ಣದ ಹೆಚ್ಚಿನ ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಾಗಿ ಮೂಡುವುದೇ ಇಲ್ಲ, ಹಾಗಾಗಿ ಕೊರೆದು ನೋಡುವ ಗೋಜಿಗೆ ಹೋಗಬೇಡಿ. ನೆಲದಿಂದ ಸುಮಾರು 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ಬರೆದುಕೊಳ್ಳಿ. ಬುಡದಲ್ಲಿ ಹಲಗೆಬೇರು ಇದ್ದರೆ ಅದರ ಮೇಲೆ ಅಳೆಯಿರಿ. ಹೊಳಗೇರು ಗುರುತಾಗದವರು ಸುಮ್ನೆ ಯಾವುದೋ ಕಾಂಡ ಗೀರಬೇಡಿ, ಅದರ ಸೊನೆ ತಾಗಿದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ.

ಉಂಬಳಕ್ಕಿಂತ (ಜಿಗಣೆ) ಉಣುಗಿನ (ಉಣ್ಣೆ) ಬಗ್ಗೆ ಜಾಸ್ತಿ ಎಚ್ಚರ ಇರಲಿ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾಗಿದ್ದು ಸೊರಬದ ಕ್ಯಾಸನೂರು ಕಾಡಿನಲ್ಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ನಾನು ಹೋಗಿ ಅಂದ ಏಪ್ರಿಲ್ ಕೂಡ ಅದರಲ್ಲೇ ಬರುತ್ತದೆ. ಮೈ ತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ಹೇಳಿ. ನಿಮ್ಮೂರ ಸುತ್ತ ಕಾಯಿಲೆ ಕಾಣಿಸಿಕೊಂಡಿದ್ದರೆ ಆ ವರ್ಷ ಹೋಗಲೇಬೇಡಿ.

ಒಳಗೆ ಮಾಡಬಾರದ್ದು ಏನು? ಸ್ವಚ್ಛತೆ. ನಮ್ಮೂರ ಕಾನಿನಲ್ಲಿ ಒಂದು ವರ್ಷ ನಾವೇ ಹುಡುಗರೆಲ್ಲ ಸೇರಿ ಜಾತ್ರೆಗೆ ಅಂತ ಅಡಿಗಿಡ ಸವರಿ, ಬಿದ್ದ ದಿಮ್ಮಿ ಎಳೆದು ಹಾಕಿ, ದರಗು ಗುಡಿಸಿದ್ದೆವು. ನಾವು ಕಳೆ ಅಂತ ಸವರಿದ್ದರಲ್ಲಿ ಅರ್ಧ ಸಾಲುಧೂಪದ ಮರದ ಮರಿಗಳು. ಆ ಜಾಗದಲ್ಲಿ ಮುಂದಿನ ಬೇಸಿಗೆಗೆ ಎದ್ದಿದ್ದು ಯುಪಟೋರಿಯಂ ಕಳೆ. ಆ ನೋವು ನನಗೆ ಇನ್ನೂ ಇದೆ. ಪೊಟರೆ ಇರುವ ಸತ್ತ ಮರವನ್ನಂತೂ ಕಡಿಯಲೇಬೇಡಿ. ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಂಡು ಮೊಟ್ಟೆ ಇಡುವ ಹಕ್ಕಿ. ಪೊಟರೆ ಹೋದರೆ ಹಕ್ಕಿ ಹೋಯಿತು, ಹಕ್ಕಿ ಹೋದರೆ ದೊಡ್ಡ ಬೀಜ ಒಯ್ಯುವವರು ಯಾರು?

ಕಾನಿನೊಳಗೆ ಜಡ್ಡಿ, ಅಂದರೆ ನೀರು ನಿಂತ ಕೆಸರು ನೆಲ, ಇದ್ದರೆ ಇನ್ನೂ ಹುಷಾರು. ಸಿದ್ದಾಪುರದ ಕತ್ತಲೆಕಾನಿನಲ್ಲಿ ಇರುವಂಥ ರಾಮಪತ್ರೆ ಜಡ್ಡಿಗಳಲ್ಲಿ ಬೇರುಗಳು ಮಂಡಿ ಮಡಚಿದ ಹಾಗೆ ಕೆಸರಿನಿಂದ ಮೇಲೆ ಬಂದು ಮತ್ತೆ ಒಳಗೆ ಇಳಿದಿರುತ್ತವೆ. ಆ ಮರ ಉಸಿರಾಡುವುದು ಅಲ್ಲಿಂದ. ಅದರ ಮೇಲೆ ಕಾಲಿಡಬೇಡಿ, ಮೇಲಿನ ಒರತೆಗೆ ಪೈಪ್ ಹಾಕಲು ಬಿಡಬೇಡಿ. ನೀರು ತಿರುಗಿಸಿದರೆ ಕೊಡಲಿ ಮುಟ್ಟದೆಯೇ ಜಡ್ಡಿ ಸಾಯುತ್ತದೆ.

ಇನ್ನು ಅಂಚಿನ ಕೆಲಸ. ಕೊಡಗಿನ ದೇವರಕಾಡುಗಳು 1905ರಲ್ಲಿ 15,506 ಎಕರೆ ಇದ್ದವು, 1985ರ ಲೆಕ್ಕಕ್ಕೆ 6,299 ಎಕರೆ. ಹೆಚ್ಚಿನದನ್ನು ಕಾಫಿ ತೋಟವೇ ಒತ್ತಿಕೊಂಡಿತು. ಒತ್ತುವರಿ ಶುರುವಾಗುವುದು ಯಾವಾಗಲೂ ಬೇಲಿ ಬದಿಯಿಂದ. ಹಾಗಾಗಿ ಮೊದಲು ಪಹಣಿ ತೆಗೆಸಿ, ಸರ್ವೆ ನಂಬರ್ ಹಿಡಿದು ಜಾಗ ಅರಣ್ಯದ್ದೋ, ಕಂದಾಯದ್ದೋ, ದೇವರ ಹೆಸರಲ್ಲಿದೆಯೋ ತಿಳಿದುಕೊಳ್ಳಿ. ಇಲಾಖೆಯ ಕಾಡಾದರೆ ನೆಡಲಿಕ್ಕೂ ಬೀಜ ಆರಿಸಲಿಕ್ಕೂ ಅನುಮತಿ ಬೇಕು. ಆಮೇಲೆ ಬಿಸಿಲು ಬೀಳುವ ಬದಿಯಲ್ಲಿ ನೇರಳೆ, ನಂದಿ, ಮತ್ತಿ, ಹಲಸು ಹಾಕಿ. ಅಕೇಶಿಯಾ ಬೇಡವೇ ಬೇಡ. ನಾಲ್ಕೈದು ವರ್ಷಕ್ಕೆ ನೆರಳು ಬಂದ ಮೇಲೆ ಅದರಡಿ ಹೈಗ, ಉಪ್ಪಾಗೆ, ಸಾಲುಧೂಪ. ಸಾಲುಧೂಪದ ಬೀಜ, ರಾಮಪತ್ರೆ ಬೀಜ ಒಣಗಿಸಿ ಇಡಲು ಬರುವುದಿಲ್ಲ, ಒಣಗಿದರೆ ಸತ್ತ ಹಾಗೆ. ಆರಿಸಿದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಒಂದೆರಡು ದಿನದೊಳಗೆ ನೆರಳಿನಲ್ಲಿ ಊರಿ. ಎಲ್ಲ ಬಾಚಬೇಡಿ, ಹೆಚ್ಚಿನದು ಅಲ್ಲೇ ಇರಲಿ.

ಕಾಗದದ ಕೆಲಸ ಬೇಸರ ಅನ್ನಿಸುತ್ತದೆ, ಆದರೆ ಬಿಡಬೇಡಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ಮರಗಳ ಪಟ್ಟಿ, ಸುತ್ತಳತೆ, ಒರತೆಗಳ ಜಾಗ ಎಲ್ಲ ಅದರ ದಾಖಲಾತಿಗೆ ಸೇರಿಸಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಗಿದ್ದು ಇದೇ ಕಾಯ್ದೆಯಡಿ. ನಿಮ್ಮ ಕಾನಿಗೂ ಕೇಳಬಹುದು ಅಲ್ವಾ?

ಕೊನೆಗೆ ಒಂದು ಸುಲಭದ ಪರೀಕ್ಷೆ. ದೊಡ್ಡ ಸಾಲುಧೂಪದ ಹತ್ತಿರ ಹತ್ತಡಿ ಉದ್ದ, ಹತ್ತಡಿ ಅಗಲಕ್ಕೆ ಹಗ್ಗ ಹಿಡಿದು ಮರಿಗಳನ್ನು ಎಣಿಸಿ. ಮೊಣಕಾಲಿನವರೆಗೆ ಎಷ್ಟು, ಸೊಂಟದವರೆಗೆ ಎಷ್ಟು, ತಲೆ ಮೀರಿದವು ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಪ್ರತಿ ವರ್ಷ ಅದೇ ಜಾಗಕ್ಕೆ, ಅದೇ ತಿಂಗಳು ಹೋಗಿ. ಮೊಣಕಾಲು ದಾಟಿದ ಮರಿಗಳೇ ಸಿಗದಿದ್ದರೆ ದನ ನುಗ್ಗುತ್ತಿದೆಯೋ, ಯಾರಾದರೂ ದರಗು ಗುಡಿಸುತ್ತಿದ್ದಾರೋ, ಬಿಸಿಲು ಇಳಿದಿದೆಯೋ ಅಂತ ಆ ಮರದಿಂದ ಅಂಚಿನವರೆಗೆ ನಡೆದು ನೋಡಿ.