ಮಳೆಗಾಲಕ್ಕೊಂದು ಸೆಟ್ಟಿಂಗ್, ಬೇಸಿಗೆಗೊಂದು ಸೆಟ್ಟಿಂಗ್: ಕರಾವಳಿಯಲ್ಲಿ ನನ್ನ ರಿಸೀವರ್ ಉಳಿದದ್ದು ಹೀಗೆ

ಕುಂದಾಪುರದ ಕಡೆ ಎವಿ ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸಿನ ಶಬ್ದವನ್ನು ಹಲವು ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್) ಇಟ್ಟುಕೊಂಡವರನ್ನು ಕೇಳಿ ನೋಡಿ. ಮೂರನೇ ಮಳೆಗಾಲ ದಾಟಿದ ಸೆಟ್ ಸಿಗೋದು ಕಷ್ಟ. ಒಂದೋ ಚಿತ್ರ-ಶಬ್ದ ಎರಡನ್ನೂ ಒಂದೇ ಕೇಬಲ್‌ನಲ್ಲಿ ತೆಗೆದುಕೊಳ್ಳುವ ಎಚ್‌ಡಿಎಂಐ ಬೋರ್ಡ್ ಹೋಗಿರುತ್ತದೆ, ಇಲ್ಲಾ ಏನೋ ದೋಷ ಕಂಡು ತಾನೇ ಬಂದ್ ಆಗಿ (ಪ್ರೊಟೆಕ್ಷನ್) ಕೆಂಪು ಲೈಟ್ ಮಿನುಗಿಸುತ್ತಾ ಕೂತಿರುತ್ತದೆ. ನನ್ನದು ಏಳೆಂಟು ಮಳೆಗಾಲ ಕಂಡಿದೆ. ಕೊನೆಯ ನಾಲ್ಕೈದು ವರ್ಷದಲ್ಲಿ ಒಮ್ಮೆಯೂ ರಿಪೇರಿ ಅಂಗಡಿಗೆ ಹೋಗಿಲ್ಲ. ‘ನಮ್ಮ ಊರಿಗೆ ಇದು ಆಗುವ ಸಾಮಾನಲ್ಲ ಮಾರಾಯ್ರೇ, ಸೌಂಡ್‌ಬಾರ್ ತಗೊಳ್ಳಿ’ ಅಂದವರೇ ಈಗ ಫೋನ್ ಮಾಡಿ ‘ಏನು ಮಾಡಿದ್ರಿ’ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೆ ಹೇಳೋ ಬದಲು ಬರೆದೇ ಬಿಡೋಣ ಅಂತ ಕೂತೆ.

ಸೆಟ್ 7.2 ಚಾನೆಲ್‌ನದು, ಅಂದರೆ ಏಳು ಸ್ಪೀಕರ್, ಬಾಸ್‌ಗೆಂದೇ ಇರುವ ಎರಡು ಸಬ್‌ವೂಫರ್ ಹಾಕಬಹುದು. 8 ಓಮ್‌ಗೆ ಚಾನೆಲ್‌ಗೆ 95 ವ್ಯಾಟ್, ಎರಡು ಚಾನೆಲ್ ಓಡುವಾಗ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ. ಡಬ್ಬದ ಮೇಲೆ 160, 165 ಅಂತ ದಪ್ಪಕ್ಷರದಲ್ಲಿ ಹಾಕಿರುತ್ತಾರಲ್ಲ, ಅದು 6 ಓಮ್, ಒಂದೇ ಚಾನೆಲ್, 1 ಕಿಲೋಹರ್ಟ್ಸ್, ಡಿಸ್ಟಾರ್ಷನ್ ಜಾಸ್ತಿ ಬಿಟ್ಟುಕೊಂಡು ತೆಗೆದ ಲೆಕ್ಕ. ನನಗೆ ಮುಖ್ಯವಾದ ಅಂಕಿ ಡಬ್ಬದ ಮೇಲೆ ಇರೋದೇ ಇಲ್ಲ. ಸೆಟ್ ಸುಮ್ನೆ ಆನ್ ಆಗಿ ಕೂತಿದ್ದಾಗ ಎಷ್ಟು ಎಳೆಯುತ್ತದೆ? ಪ್ಲಗ್ ಮೀಟರ್ ಹಾಕಿ ನೋಡಿದಾಗ ಮ್ಯೂಟ್‌ನಲ್ಲೂ 55 ವ್ಯಾಟ್ ಆಸುಪಾಸು ಬಂತು. ಮನೆಯಲ್ಲಿ ಮಾಮೂಲಿ ಕೇಳುವ ವಾಲ್ಯೂಮ್‌ಗೆ ಸ್ಪೀಕರ್‌ಗೆ ಹೋಗೋದು ಒಂದೆರಡು ವ್ಯಾಟ್ ಅಷ್ಟೇ. ಅಂದರೆ ಆ ಬಿಸಿ ಜೋರು ಶಬ್ದದಿಂದ ಬಂದದ್ದಲ್ಲ. ವಾಲ್ಯೂಮ್ ಕಮ್ಮಿ ಇಟ್ಟರೆ ಸೆಟ್ ಬಾಳುತ್ತದೆ ಅನ್ನೋ ಮಾತನ್ನ ನಾನು ಆವತ್ತೇ ಬಿಟ್ಟೆ.

ಮೊದಲ ಬೋರ್ಡ್ ಹೋದದ್ದು ಎರಡನೇ ವರ್ಷ, ವಾರಂಟಿ ಮುಗಿದ ಮೇಲೆ. ಶಬ್ದ ಬರುತ್ತದೆ, ಚಿತ್ರ ಇಲ್ಲ. ಆಮೇಲೆ ಎರಡೂ ಇಲ್ಲ. ಅಂಗಡಿಯಲ್ಲಿ ಬೋರ್ಡ್ ಬದಲಿಸಿದರು, 14 ಸಾವಿರದ ಹತ್ತಿರ ಬಿಲ್ ಆಯಿತು. ಮರುವರ್ಷ ಆಗಸ್ಟ್‌ನಲ್ಲಿ ಹೊಸ ಬೋರ್ಡಿಗೂ ಅದೇ ಗತಿ. ಈ ಸಲ ನಾನೇ ಮುಚ್ಚಳ ತೆಗೆದೆ. ಎಚ್‌ಡಿಎಂಐ ಚಿಪ್ಪಿನ ಸಣ್ಣ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಪಕ್ಕದ ಕೆಪಾಸಿಟರ್‌ಗಳ ತಲೆ ಉಬ್ಬಿತ್ತು. ಸೆಟ್ ಆಫ್ ಇದ್ದಾಗಲೂ ಓಡುವ ಸ್ಟ್ಯಾಂಡ್‌ಬೈ ಸಪ್ಲೈ ಹತ್ತಿರ ಹಲ್ಲಿ ಹಿಕ್ಕೆ ಒಣಗಿ ಬೋರ್ಡಿನ ಎರಡು ತಾಮ್ರದ ಗೆರೆಗಳ (ಟ್ರ್ಯಾಕ್) ನಡುವೆ ಅಂಟಿಕೊಂಡಿತ್ತು, ಸುತ್ತ ತಾಮ್ರ ಹಸಿರು ತಿರುಗಿತ್ತು. ಬಿಸಿ ಮತ್ತು ತೇವ, ಎರಡೂ ಒಂದೇ ಪೆಟ್ಟಿಗೆಯಲ್ಲಿ. ಒಂದಕ್ಕೆ ಮದ್ದು ಮಾಡಿದರೆ ಇನ್ನೊಂದು ಕೊಲ್ಲುತ್ತದೆ. ಇದು ಅರ್ಥವಾಗಲು ನನಗೆ ಒಂದೆರಡು ವರ್ಷವೂ ಒಂದಿಷ್ಟು ದುಡ್ಡೂ ಹಿಡಿಯಿತು.

ತೇವಕ್ಕೆ ಮೊದಲು ಸಿಲಿಕಾ ಜೆಲ್ ತಂದೆ, ಅರ್ಧ ಕಿಲೋ. ಜೂನ್‌ನಲ್ಲಿ ವಾರದೊಳಗೆ ನೀಲಿ ಹೋಗಿ ಗುಲಾಬಿ ಬಣ್ಣ. ಹುರಿದು ಒಣಗಿಸಿ ಮತ್ತೆ ಇಟ್ಟೆ, ಮತ್ತೆ ಗುಲಾಬಿ. ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ, ಗಾಳಿ ಆಡುವ ಶೋಕೇಸ್‌ನಲ್ಲಿ ಅದು ಆಗುವ ಕೆಲಸ ಅಲ್ಲ. ಕ್ಯಾಮೆರಾ ಡಬ್ಬಿಗೆ ಸರಿ.

ಆಮೇಲೆ ಬಟ್ಟೆ ಕಪಾಟಿಗೆ ಹಾಕುವ ಹಾಗೆ ಶೋಕೇಸ್ ಒಳಗೆ ಒಂದು 15 ವ್ಯಾಟ್ ಬಲ್ಬ್ ಹಾಕಿದೆ. ಒಣಗಿತು, ಸುಳ್ಳಲ್ಲ. ಆ ಮಳೆಗಾಲ ಒಂದೂ ತೊಂದರೆ ಬರಲಿಲ್ಲ. ಆದರೆ ಸಿನಿಮಾ ನೋಡುವಾಗ ಬಲ್ಬ್ ಆರಿಸೋದು ಮರೆತರೆ ಸೆಟ್ ಮೇಲೆ ಕೈ ಇಡಲಾಗುತ್ತಿರಲಿಲ್ಲ. ಬಲ್ಬ್ ತೆಗೆದೆ. ಆದರೆ ಅದು ಒಂದು ವಿಷಯ ತೋರಿಸಿಕೊಟ್ಟಿತು: ಸೆಟ್ ಆಫ್ ಇದ್ದಾಗ ಸ್ವಲ್ಪ ಬೆಚ್ಚಗಿರಬೇಕು, ಆನ್ ಇದ್ದಾಗ ತಣ್ಣಗಿರಬೇಕು.

ತಣ್ಣಗಿಡುವುದಕ್ಕೆ ಫ್ಯಾನ್. ಯುಎಸ್‌ಬಿ ಫ್ಯಾನ್ ಎಲ್ಲರೂ ಹಾಕುತ್ತಾರೆ, ಅದು ಬೋರ್ಡ್‌ನಿಂದಲೇ ಕರೆಂಟ್ ಎಳೆಯುತ್ತದೆ, ನನಗೆ ಇಷ್ಟವಿಲ್ಲ. ನನ್ನ ಸೆಟ್ ಹಿಂದೆ 12 ವೋಲ್ಟ್ ಟ್ರಿಗ್ಗರ್ ಔಟ್ (ಸೆಟ್ ಆನ್ ಇದ್ದಾಗ ಮಾತ್ರ ಕರೆಂಟ್ ಬರುವ ಸಾಕೆಟ್) ಇದೆ, 150 ಮಿಲಿಆಂಪ್‌ವರೆಗೆ ಕೊಡುತ್ತದೆ. ಎರಡು 120 ಮಿಲಿಮೀಟರ್ ಕಂಪ್ಯೂಟರ್ ಫ್ಯಾನ್ ತಗೊಂಡು ಸೀರೀಸ್‌ನಲ್ಲಿ ಜೋಡಿಸಿದೆ. ಒಂದೊಂದಕ್ಕೆ 6 ವೋಲ್ಟ್. ಶಬ್ದವೇ ಇಲ್ಲ, ಕರೆಂಟ್ 70-80 ಮಿಲಿಆಂಪ್ ಮೇಲೆ ಹೋಗಲ್ಲ. ಸೆಟ್ ಆನ್ ಆದರೆ ಫ್ಯಾನ್ ಆನ್, ಆಫ್ ಆದರೆ ಆಫ್. ಎರಡೂ ಒಂದೇ ಮಾಡೆಲ್ ಇರಲಿ, ಬೇರೆಬೇರೆ ಆದರೆ ವೋಲ್ಟೇಜ್ ಸಮ ಹಂಚಿಕೆ ಆಗಲ್ಲ, ಒಂದು ತಿರುಗಿ ಇನ್ನೊಂದು ಒದ್ದಾಡುತ್ತದೆ. 6 ವೋಲ್ಟಿಗೆ ಶುರುವಾಗದ ಫ್ಯಾನ್‌ಗಳೂ ಇವೆ. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡ್‌ನಲ್ಲಿ ಕೌಂಟರ್ ಮೇಲೇ ತಿರುಗಿಸಿ ನೋಡಿ ತಂದದ್ದು, ಜೋಡಿಗೆ 700 ರೂಪಾಯಿ ಇರಬೇಕು.

ಫ್ಯಾನ್ ಇಡೋದು ದೊಡ್ಡ ಹೀಟ್‌ಸಿಂಕ್ ಮೇಲಲ್ಲ. ಅದು ಬಿಸಿ ಹೊರಹಾಕಲೆಂದೇ ಮಾಡಿದ್ದು. ಹಿಂಭಾಗದ ಎಚ್‌ಡಿಎಂಐ ಬೋರ್ಡ್ ಮೇಲೆ ಇಡಿ, ಗಾಳಿ ಮೇಲಕ್ಕೆ ಎಳೆಯುವ ಹಾಗೆ. ಮಲ್ಟಿಮೀಟರ್‌ನ ಟೆಂಪರೇಚರ್ ತಂತಿಯನ್ನು ಚಿಪ್ಪಿನ ಹೀಟ್‌ಸಿಂಕಿಗೆ ಒತ್ತಿ ಟೇಪ್ ಹಾಕಿ ಒಂದು ಪೂರ್ತಿ ಸಿನಿಮಾ ಓಡಿಸಿದೆ. ಮೊದಲು 78 ಡಿಗ್ರಿ ತೋರಿಸುತ್ತಿದ್ದದ್ದು 52-53ಕ್ಕೆ ನಿಂತಿತು. 10 ಡಿಗ್ರಿ ಇಳಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬಾಳಿಕೆ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ ಅನ್ನೋದು ಒಂದು ಅಂದಾಜು ಲೆಕ್ಕ. ಇಲ್ಲಿ ಇಳಿದದ್ದು 25. ಜೊತೆಗೆ ಆಚಾರಿಯನ್ನ ಕರೆಸಿ ಶೋಕೇಸಿನ ಬೆನ್ನಿನ ಹಲಗೆಯಲ್ಲಿ ಒಂದೂವರೆ ಅಡಿ ಉದ್ದಕ್ಕೆ ಕಿಂಡಿ ಕೊಯ್ಯಿಸಿ, ಸೊಳ್ಳೆ ಜಾಲರಿ ಬಡಿಸಿದೆ. ಜಾಲರಿ ಶೋಕೇಸಿಗೆ ಮಾತ್ರ, ಸೆಟ್ಟಿನ ಕಿಂಡಿಗಳಿಗೆ ಬೇಡ. ದೂಳು ಕಟ್ಟಿ ಗಾಳಿ ನಿಂತುಹೋಗುತ್ತದೆ. ಹಲ್ಲಿ ಆಮೇಲೆ ಬರಲಿಲ್ಲ. ಇರುವೆಗೆ ಮಾಡಿದ ಉಪಾಯ ಬೇರೆ, ಅದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಈಗ ಎಲ್ಲರೂ ಅನುಮಾನಪಟ್ಟ ವಿಷಯ. ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಸ್ಟ್ಯಾಂಡ್‌ಬೈ (ಆಫ್ ಇದ್ದಾಗಲೂ ನೆಟ್‌ವರ್ಕಿಗೆ ಎಚ್ಚರವಾಗಿರೋದು), ಎಚ್‌ಡಿಎಂಐ ಪಾಸ್‌ಥ್ರೂ (ಆಫ್ ಇದ್ದಾಗಲೂ ಚಿತ್ರವನ್ನು ಟಿವಿಗೆ ದಾಟಿಸೋದು) ಅಂತ ಇರುತ್ತದಲ್ಲ. ಎರಡೂ ಆಫ್ ಇದ್ದರೆ ಸ್ಟ್ಯಾಂಡ್‌ಬೈನಲ್ಲಿ 0.1 ವ್ಯಾಟ್ ಅಷ್ಟೇ. ಆನ್ ಮಾಡಿದರೆ ಡಿಜಿಟಲ್ ಬೋರ್ಡಿಗೆ ಸದಾ ಕರೆಂಟ್ ಹರಿಯುತ್ತದೆ, ನನ್ನದರಲ್ಲಿ 4-5 ವ್ಯಾಟ್. ‘ಅದನ್ನ ಯಾವತ್ತೂ ಆಫ್ ಇಡಿ, ಬೋರ್ಡ್ ಸುಡುತ್ತದೆ’ ಅಂತ ಎಲ್ಲ ಮೆಕ್ಯಾನಿಕ್‌ಗಳೂ ಹೇಳುತ್ತಾರೆ. ಬೇಸಿಗೆಗೆ ಆ ಮಾತು ಸರಿ. ಮಳೆಗಾಲಕ್ಕೆ ನಾನು ಆನ್ ಮಾಡುತ್ತೇನೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆವರೆಗೆ.

ಲೆಕ್ಕ ಹೀಗೆ. ಕೋಣೆಯಲ್ಲಿ 27 ಡಿಗ್ರಿ, ತೇವ 90 ಪರ್ಸೆಂಟ್. ಆ 4-5 ವ್ಯಾಟ್ ಬಿಸಿಯಿಂದ ಪೆಟ್ಟಿಗೆಯೊಳಗೆ ನಾಲ್ಕು ಡಿಗ್ರಿ ಏರುತ್ತದೆ. ಅದೇ ಗಾಳಿ 31 ಡಿಗ್ರಿಗೆ ಬಂದರೆ ತೇವ 70ರ ಹತ್ತಿರಕ್ಕೆ ಇಳಿಯುತ್ತದೆ. 15 ರೂಪಾಯಿಯ ಬಟನ್ ಗಾತ್ರದ ಸೆಲ್ ಹಾಕುವ ಅಗ್ಗದ ಹೈಗ್ರೋಮೀಟರ್ (ತೇವ ಅಳೆಯುವ ಮೀಟರ್) ಒಂದನ್ನು ಸೆಟ್ ಒಳಗೆ, ಒಂದನ್ನು ಹೊರಗೆ ಇಟ್ಟು ನೋಡಿದ್ದೇನೆ. ಒಳಗೆ 68-72, ಹೊರಗೆ 88-92. ಬಲ್ಬ್ ಮಾಡಿದ ಕೆಲಸವನ್ನೇ ಸೆಟ್ ತಾನೇ ಮಾಡಿಕೊಳ್ಳುತ್ತದೆ, ಅದೂ ಬೇಕಾದ ಜಾಗದಲ್ಲೇ. ಆನ್ ಮಾಡಿದ ಕೂಡಲೇ ಫ್ಯಾನ್ ಹಿಡಿದುಕೊಳ್ಳುತ್ತದೆ. ಖರ್ಚು ಇಡೀ ಮಳೆಗಾಲಕ್ಕೆ 10-13 ಯೂನಿಟ್, ನೂರು ರೂಪಾಯಿ ಅಂದುಕೊಳ್ಳಿ. ಮೊದಲ ವರ್ಷ ನನ್ನ ಭಾವನೇ ‘ಬೋರ್ಡ್ ಹೋಗುತ್ತೆ ನೋಡು’ ಅಂತ ಪಂಥ ಕಟ್ಟಿದ್ದರು. ಈಗ ಬೈಂದೂರಿನ ಅವರ ಮನೆಯಲ್ಲೂ ಅದೇ ಸೆಟ್ಟಿಂಗ್.

‘ಸಿಡಿಲು?’ ಅಂತ ಕೇಳುತ್ತೀರಿ. ನಮ್ಮಲ್ಲಿ ಸಿಡಿಲಿನ ಕಾಟ ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಲ್ಲಿ. ನಡು ಮಳೆಗಾಲದಲ್ಲಿ ಕಡಿಮೆ. ಹಾಗಾಗಿ ಎರಡೂ ಹೊಂದಿಕೊಳ್ಳುತ್ತದೆ. ಸಿಡಿಲಿನ ತಿಂಗಳಲ್ಲಿ, ಸೆಟ್ ಬಳಸದಿರುವಾಗ ಪೂರ್ತಿ ಪ್ಲಗ್ ಕಿತ್ತಿಡೋದು. ಪ್ಲಗ್ ಕಿತ್ತರೂ ಸೆಟ್ ಹೋದವರು ಇದ್ದಾರೆ, ಯಾಕೆಂದರೆ ಡಿಶ್‌ನಿಂದ ಕೇಬಲ್, ಕೇಬಲ್‌ನಿಂದ ಸೆಟ್‌ಟಾಪ್ ಬಾಕ್ಸ್, ಅಲ್ಲಿಂದ ಎಚ್‌ಡಿಎಂಐ ದಾರಿಯಲ್ಲಿ ಬರುತ್ತದೆ. ಆ ತಿಂಗಳಲ್ಲಿ ನಾನು ಸೆಟ್‌ಟಾಪ್ ಬಾಕ್ಸನ್ನು ಟಿವಿಗೆ ಹಾಕಿ, ಟಿವಿಯಿಂದ ರಿಸೀವರ್‌ಗೆ ಆಪ್ಟಿಕಲ್ ಕೇಬಲ್ ಮಾತ್ರ ಬಿಡುತ್ತೇನೆ. ಅದರಲ್ಲಿ ಹೋಗೋದು ಬೆಳಕು, ಕರೆಂಟಿಗೆ ದಾರಿಯೇ ಇಲ್ಲ. ಡಾಲ್ಬಿ 5.1 ಸಿಗುತ್ತದೆ, ಆಟ್ಮಾಸ್ (ತಲೆಯ ಮೇಲಿಂದಲೂ ಬರುವ ಶಬ್ದ) ಇಲ್ಲ. ಮೂರು ತಿಂಗಳಿಗೆ ಅಡ್ಡಿಯಿಲ್ಲ. ಲ್ಯಾನ್ ಕೇಬಲ್ ಇದ್ದರೆ ಅದನ್ನೂ ಕಿತ್ತು ವೈಫೈಗೆ ಬನ್ನಿ.

ವೋಲ್ಟೇಜ್ ಬಗ್ಗೆ ಜಾಸ್ತಿ ಬರೆಯಲ್ಲ. ನಮ್ಮ ಮನೆ ಲೈನಿನ ತುದಿಯಲ್ಲಿದೆ. ಸಂಜೆ 190, ರಾತ್ರಿ ಹನ್ನೆರಡರ ಮೇಲೆ 255. ಎಲ್ಲರೂ ಹೆದರೋದು ಕಮ್ಮಿ ವೋಲ್ಟೇಜಿಗೆ. ಅದರಿಂದ ಶಕ್ತಿ ಸ್ವಲ್ಪ ಕುಗ್ಗುತ್ತದೆ ಅಷ್ಟೇ. ಜಾಸ್ತಿ ಆದಾಗಲೇ ಅಪಾಯ: ±55 ವೋಲ್ಟ್ ಇರಬೇಕಾದ ರೈಲ್ (ಆಂಪ್ಲಿಫೈಯರ್‌ಗೆ ಹೋಗುವ ಡಿಸಿ) 61ಕ್ಕೆ ಏರುತ್ತದೆ, ಫಿಲ್ಟರ್ ಕೆಪಾಸಿಟರ್ ತಾಳುವ ಮಿತಿ 63 ವೋಲ್ಟ್. ರಿಲೇ ಸ್ಟೆಬಿಲೈಜರ್ ಹಾಕಿ ನೋಡಿದೆ, ಪ್ರತಿ ಸಲ ಟಕ್ ಅಂದಾಗ ಚಿತ್ರ ಹೋಗಿ ಬರುತ್ತಿತ್ತು. ಹಳೆಯ ಆನ್‌ಲೈನ್ ಯುಪಿಎಸ್ ತಂದೆ, 6 ಸಾವಿರ, ಅದರ ಫ್ಯಾನ್ ಶಬ್ದಕ್ಕೆ ಕೋಣೆಯಲ್ಲಿ ಕೂರಲಾಗಲಿಲ್ಲ. ಕೊನೆಗೆ ಉಳಿದದ್ದು ಫ್ರಿಜ್‌ಗೆ ಹಾಕುವಂಥ ಹೈ-ಲೋ ಕಟಾಫ್, ಮೂರು ನಿಮಿಷ ತಡ ಮಾಡಿ ಕರೆಂಟ್ ಬಿಡುವಂಥದ್ದು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗಿ ಬರುವಾಗ ಅದು ಮಾಡುವ ಉಪಕಾರ ದೊಡ್ಡದು. ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ಹೊಸದಾಗಿ ಮಾಡಿಸಿದೆ. ನ್ಯೂಟ್ರಲ್-ಅರ್ತ್ ನಡುವೆ 11 ವೋಲ್ಟ್ ಇದ್ದದ್ದು ಎರಡರೊಳಗೆ ಬಂತು.

ನಡುವೆ ಒಂದು ಬೇರೆ ಪ್ರಯೋಗ. ಕೋಣೆಗೆ ತಕ್ಕಂತೆ ಸೆಟ್ ತಾನೇ ಶಬ್ದ ಹೊಂದಿಸಿಕೊಳ್ಳಲು ಬಳಸುವ ರೂಮ್ ಕರೆಕ್ಷನ್ ಮೈಕ್ ಇಟ್ಟು ಜುಲೈನಲ್ಲಿ ಅಳತೆ ಮಾಡಿದರೆ, ತಗಡಿನ ಮೇಲೆ ಬೀಳುವ ಮಳೆ ಶಬ್ದಕ್ಕೆ ಎರರ್ ಬರುತ್ತದೆ. ರಾತ್ರಿ ಮಳೆ ನಿಂತಾಗ ಮಾಡೋಣ ಅಂದರೆ ಜೀರುಂಡೆ. ಆ ಕೂಗು ಮೇಲಿನ ಫ್ರೀಕ್ವೆನ್ಸಿಯಲ್ಲಿ ಸೇರಿಕೊಂಡು ಸರೌಂಡ್ ಸ್ಪೀಕರ್ ಮಂಕಾಯಿತು. ಜನವರಿ ಬೆಳಗಿನ ಜಾವ ಮಾಡಿದ ಅಳತೆಯನ್ನೇ ಈಗ ವರ್ಷವಿಡೀ ಇಟ್ಟುಕೊಂಡಿದ್ದೇನೆ. ಸಬ್‌ವೂಫರ್ ಮೂರು ಮೀಟರ್ ದೂರದಲ್ಲಿದ್ದರೂ ಸೆಟ್ 4.5 ಮೀಟರ್ ಅಂತ ಬರೆದುಕೊಳ್ಳುತ್ತದೆ, ಸಬ್ಬಿನ ಒಳಗಿನ ಫಿಲ್ಟರ್ ತಡ ಮಾಡೋದರಿಂದ. ತಿದ್ದಬೇಡಿ. ಟವರ್ ಸ್ಪೀಕರ್ ಇದ್ದರೂ ಸೆಟ್ಟಿಂಗ್‌ನಲ್ಲಿ ‘ಸ್ಮಾಲ್’ ಅಂತ ಹಾಕಿ, 80 ಹರ್ಟ್ಸ್‌ಗಿಂತ ಕೆಳಗಿನದು ಅವಕ್ಕೆ ಹೋಗದ ಹಾಗೆ ಕತ್ತರಿಸಿ. ಬಾಸ್ ಭಾರ ಸಬ್ಬಿಗೆ ಹೋದರೆ ರಿಸೀವರ್ ಟ್ರಾನ್ಸ್‌ಫಾರ್ಮರ್ ಎಷ್ಟು ಹಗುರಾಗುತ್ತದೆ ಅನ್ನೋದು ಕೈ ಇಟ್ಟರೇ ತಿಳಿಯುತ್ತದೆ.

ಒಟ್ಟು ಖರ್ಚು? ಫ್ಯಾನ್, ಆಚಾರಿ, ಕಟಾಫ್, ಅರ್ತಿಂಗ್, ಎರಡನೇ ಬೋರ್ಡಿಗೆ ನಾನೇ ಹಾಕಿದ 105 ಡಿಗ್ರಿಯ ಕೆಪಾಸಿಟರ್‌ಗಳು ಎಲ್ಲ ಸೇರಿ 9 ಸಾವಿರದೊಳಗೆ. ಅಂಗಡಿಯಲ್ಲಿ ಒಂದು ಬೋರ್ಡಿಗೆ ಕೊಟ್ಟದ್ದಕ್ಕಿಂತ ಕಡಿಮೆ. ಕೆಪಾಸಿಟರ್ ಹಾಕಿದ ಮೇಲೆ ನೇರ ಪ್ಲಗ್‌ಗೆ ಹಾಕಬೇಡಿ, ಸೀರೀಸ್ ಲ್ಯಾಂಪ್ (ಲೈನಿಗೆ ಸೀರೀಸ್‌ನಲ್ಲಿ ಹಾಕಿದ ಬಲ್ಬ್) ಮೂಲಕ ಆನ್ ಮಾಡಿ. ಸ್ಪೀಕರ್ ಟರ್ಮಿನಲ್‌ನಲ್ಲಿ ಡಿಸಿ 50 ಮಿಲಿವೋಲ್ಟ್ ದಾಟಿದ್ದರೆ ಸ್ಪೀಕರ್ ಕಟ್ಟಲೇಬೇಡಿ. ಬಯಾಸ್ (ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲಿ ಸದಾ ಹರಿಯುವ ಸಣ್ಣ ಕರೆಂಟ್) ಎಷ್ಟಕ್ಕೆ ಇಟ್ಟಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ, ಅದು ಸೆಟ್‌ನಿಂದ ಸೆಟ್‌ಗೆ ಬೇರೆ.

ಸದ್ಯ ಬಾಕಿ ಇರೋದು ಒಂದೇ. ಬಲಗಡೆಯ ಸರೌಂಡ್ ಸಣ್ಣ ಶಬ್ದದಲ್ಲಿ ಆಗಾಗ ಕಟ್ ಆಗುತ್ತದೆ, ವಾಲ್ಯೂಮ್ ಏರಿಸಿದರೆ ಸರಿಯಾಗುತ್ತದೆ. ಸ್ಪೀಕರ್‌ಗೆ ಸಂಪರ್ಕ ಕೊಡುವ ಸ್ವಿಚ್‌ನ (ರಿಲೇ) ಕಾಂಟ್ಯಾಕ್ಟ್ ಕಪ್ಪಾಗಿದೆ. ಹೊಸ ರಿಲೇಗೆ ಹೇಳಿದ್ದೇನೆ, ದೀಪಾವಳಿಗೆ ಮುಚ್ಚಳ ತೆಗೆಯುವಾಗ ಹಾಕುತ್ತೇನೆ.