ದುಡ್ಡು ಕೊಡದೆ ಗಟ್ಟಿ ವೈದ್ಯಕೀಯ ಆಕರ ಹುಡುಕಿದ ಬಗೆ

ಅಸೈನ್‌ಮೆಂಟಿಗೆ ಪಬ್‌ಮೆಡ್ (ವೈದ್ಯಕೀಯ ಲೇಖನಗಳ ಉಚಿತ ಸೂಚಿ) ಯಾಕೆ, ಗೂಗಲ್ ಸ್ಕಾಲರ್ ಸಾಲದೇ ಎಂದವರೇ ಹೆಚ್ಚು. ಫಲಿತಾಂಶ ರಾಶಿ ಬೀಳುತ್ತದೆ, ಓದಲು ದುಡ್ಡು ಬೇರೆ ಕೇಳುತ್ತಾರೆ ಎನ್ನುವುದು ಅವರ ತಕರಾರು. ಉಪ್ಪು ಕಡಿತ ಮತ್ತು ರಕ್ತದೊತ್ತಡದ ಬಗೆಗಿನ ನನ್ನ ಅಸೈನ್‌ಮೆಂಟು ಪೂರ್ತಿ ಪಬ್‌ಮೆಡ್ ಮೇಲೆ ನಿಂತಿತು. ಆಕರಪಟ್ಟಿಯಲ್ಲಿ ಒಂದನ್ನೂ ಮೌಲ್ಯಮಾಪಕರು ಹೊಡೆದುಹಾಕಲಿಲ್ಲ, ಖರ್ಚು ಸೊನ್ನೆ.

ಗುಟ್ಟಿರುವುದು ಮೆಶ್ ಪದಗಳಲ್ಲಿ, ಅಂದರೆ ಲೇಖನದ ವಿಷಯ ಗುರುತಿಸಲು ಅಂಟಿಸುವ ನಿಗದಿತ ಪದಗಳಲ್ಲಿ. ಉಪ್ಪು ಎಂದಷ್ಟೇ ಹೊಡೆದರೆ ರಸಾಯನಶಾಸ್ತ್ರವೂ ನುಗ್ಗುತ್ತದೆ. 'ಡಯಟ್, ಸೋಡಿಯಂ-ರಿಸ್ಟ್ರಿಕ್ಟೆಡ್' ಮತ್ತು 'ಹೈಪರ್‌ಟೆನ್ಷನ್' ಎಂಬ ಎರಡು ಮೆಶ್ ಪದಗಳನ್ನು ಆ್ಯಂಡ್ ಹಾಕಿ ಕೂಡಿಸಿ, ಎರಡನ್ನೂ ಮೇಜರ್ ಟಾಪಿಕ್ (ಲೇಖನದ ಮುಖ್ಯ ವಿಷಯ) ಮಾಡಿ, ಸಿಸ್ಟಮ್ಯಾಟಿಕ್ ರಿವ್ಯೂ (ಹಲವು ಅಧ್ಯಯನಗಳನ್ನು ಕ್ರಮವಾಗಿ ಕೂಡಿಸಿ ತೂಗುವ ಲೇಖನ) ಫಿಲ್ಟರ್ ಒತ್ತಿದರೆ ಸಾವಿರಗಳಲ್ಲಿದ್ದದ್ದು ಹತ್ತಾರಕ್ಕೆ ಇಳಿಯುತ್ತದೆ. ಅಲ್ಲಿಗೇ ನಿಂತರೆ ಮಾತ್ರ ಕೆಟ್ಟಿತು. ಪಬ್‌ಮೆಡ್‌ನ ಮುಖ್ಯ ಭಾಗವಾದ ಮೆಡ್‌ಲೈನ್‌ಗೆ ಸೇರದ ಲೇಖನಗಳಿಗೆ ಮೆಶ್ ಪದ ಅಂಟಿಸಿರುವುದಿಲ್ಲ, ಅವೆಲ್ಲ ತಪ್ಪಿಹೋಗುತ್ತವೆ. ಅದಕ್ಕೇ ಅದೇ ವಿಷಯವನ್ನು ಶೀರ್ಷಿಕೆ-ಸಾರಾಂಶದ ಪದಗಳಲ್ಲೂ ಹುಡುಕಿ, ಎರಡನ್ನೂ ಆರ್ ಹಾಕಿ ಸೇರಿಸಬೇಕು. ಪದದ ಬೇರೆ ರೂಪಗಳೂ ಸಿಗಲೆಂದು ತುದಿಗೆ ನಕ್ಷತ್ರ ಚಿಹ್ನೆ ಹಾಕಿದಿರೋ, ಪಬ್‌ಮೆಡ್ ಆ ಪದಕ್ಕೆ ತಾನಾಗಿ ಮೆಶ್ ಜೋಡಿಸುವುದನ್ನು ನಿಲ್ಲಿಸುತ್ತದೆ. ಅಡ್ವಾನ್ಸ್‌ಡ್ ಪುಟದ ಹಿಸ್ಟರಿಯಲ್ಲಿ ಡೀಟೇಲ್ಸ್ ಬಿಡಿಸಿ ನೋಡಿದರೆ ಅದು ನಿಮ್ಮ ಪದವನ್ನು ಏನೆಂದು ಓದಿಕೊಂಡಿದೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಇದನ್ನು ನೋಡದೆ ಮುಂದೆ ಹೋಗಲೇಬೇಡಿ.

2022ರ ಕೊನೆಗೆ ಪಬ್‌ಮೆಡ್‌ಗೆ ಬಂದ ಪ್ರಾಕ್ಸಿಮಿಟಿ (ಹತ್ತಿರದ ಪದಗಳ) ಹುಡುಕಾಟವನ್ನೂ ಪರೀಕ್ಷಿಸಿದೆ. ಎರಡು ಪದಗಳ ನಡುವೆ ಹೆಚ್ಚೆಂದರೆ ಮೂರು ಪದ ಇರಲಿ ಎಂದು ಕೊಟ್ಟಾಗ, 'ಸಾಲ್ಟ್ ರಿಡಕ್ಷನ್', 'ರಿಡಕ್ಷನ್ ಇನ್ ಡಯಟರಿ ಸಾಲ್ಟ್' ಎರಡೂ ಬಗೆಯ ಬರವಣಿಗೆ ಒಂದೇ ಬಲೆಗೆ ಬಿತ್ತು. ಸ್ಕಾಲರ್‌ನಲ್ಲಿ ಇಂಥ ಹಿಡಿತವಿಲ್ಲ. ಎಷ್ಟೇ ಸಿಕ್ಕಿದೆ ಎಂದರೂ ಅದು ಮೊದಲ 1000 ಫಲಿತಾಂಶಗಳಾಚೆ ತೋರಿಸುವುದಿಲ್ಲ. ಆದರೆ ಒಂದು ಲೇಖನವನ್ನು ಮುಂದೆ ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಅದರ 'ಸೈಟೆಡ್ ಬೈ' ಚೆನ್ನಾಗಿದೆ. 2001ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ, ಆಹಾರದ ಉಪ್ಪು ಇಳಿಸಿ ರಕ್ತದೊತ್ತಡ ಅಳೆದ, 412 ಜನರ ಡ್ಯಾಶ್-ಸೋಡಿಯಂ ಪ್ರಯೋಗವನ್ನು ಹಿಡಿದು ಮುಂದಿನ ಸಂಶೋಧನೆಗಳತ್ತ ಹತ್ತಿದ್ದು ಅದರಿಂದಲೇ.

ಈಗ ದುಡ್ಡಿನ ಮಾತು. ಪ್ರಕಾಶಕರು ಒಂದು ಲೇಖನಕ್ಕೆ 30-40 ಡಾಲರ್ ಕೇಳುವುದು ಮಾಮೂಲು. ಕೊಡಬೇಡಿ. ಮೊದಲು ಪೂರ್ತಿ ಲೇಖನಗಳನ್ನು ಉಚಿತವಾಗಿ ಕೊಡುವ ಪಬ್‌ಮೆಡ್ ಸೆಂಟ್ರಲ್, ಆಮೇಲೆ ಉಚಿತ ಪ್ರತಿ ಎಲ್ಲಿದೆ ಎಂದು ತೋರಿಸುವ ಅನ್‌ಪೇವಾಲ್ ಬ್ರೌಸರ್ ಎಕ್ಸ್‌ಟೆನ್ಷನ್, ಆಮೇಲೆ ಸ್ಕಾಲರ್‌ನ 'ಆಲ್ ವರ್ಷನ್ಸ್'. ಮೂರರಲ್ಲೂ ಇಲ್ಲದಿದ್ದರೆ ಲೇಖಕರಿಗೇ ಮೇಲ್ ಹಾಕಿ, ಪಿಡಿಎಫ್ ಕೇಳಿ. ಆ ಇಮೇಲ್‌ನ ಒಕ್ಕಣೆ ಮಾತ್ರ ನನ್ನ ಬಳಿಯೇ ಇರಲಿ, ಅದನ್ನು ಎಲ್ಲರೂ ನಕಲು ಮಾಡಿದರೆ ಕೆಲಸ ಮಾಡುವುದಿಲ್ಲ.

ಪಬ್‌ಮೆಡ್‌ನಲ್ಲಿದೆ ಎಂದ ಮಾತ್ರಕ್ಕೆ ನಂಬಬೇಡಿ, ಪ್ರಿಪ್ರಿಂಟ್‌ಗಳೂ (ತಜ್ಞರ ಪರಿಶೀಲನೆಗೆ ಮೊದಲೇ ಹಾಕಿದ ಲೇಖನಗಳು) ಅಲ್ಲಿ ಸೇರಿಕೊಂಡಿವೆ. ಪತ್ರಿಕೆಯೇ ವಾಪಸ್ ಪಡೆದ ಲೇಖನದ ಹಾವಳಿ ಅದಕ್ಕಿಂತ ದೊಡ್ಡದು. ಎಂಎಂಆರ್ ಲಸಿಕೆಗೂ ಆಟಿಸಂಗೂ ತಳುಕು ಹಾಕಿದ 1998ರ ಲೇಖನವನ್ನು ಲ್ಯಾನ್ಸೆಟ್ ವಾಪಸ್ ಪಡೆದದ್ದು 2010ರಲ್ಲಿ. ನಡುವಿನ ಹನ್ನೆರಡು ವರ್ಷ ಅದು ಊರೆಲ್ಲ ಸುತ್ತಿತು. ಝೋಟೆರೋ ಎಂಬ ಆಕರ ನಿರ್ವಹಣೆಯ ತಂತ್ರಾಂಶದಲ್ಲಿ ಆಕರ ಕೂಡಿಟ್ಟರೆ ವಾಪಸಾದದ್ದಕ್ಕೆ ಕೆಂಪು ಪಟ್ಟಿ ತೋರಿಸುತ್ತದೆ. ಚಾಟ್‌ಬಾಟ್ ಕೊಟ್ಟ ಆಕರವಾದರೆ ಡಿಒಐ (ಲೇಖನದ ಶಾಶ್ವತ ಗುರುತು ಸಂಖ್ಯೆ) ತೆರೆಯಿರಿ. ತೆರೆದರಷ್ಟೇ ಸಾಲದು, ಶೀರ್ಷಿಕೆ ಮತ್ತು ಲೇಖಕರ ಹೆಸರು ತಾಳೆಯಾಗಬೇಕು, ಯಾಕೆಂದರೆ ಚಾಟ್‌ಬಾಟ್ ಕೆಲವೊಮ್ಮೆ ಬೇರೆ ಲೇಖನದ ನಿಜವಾದ ಡಿಒಐಯನ್ನು ತಂದು ಅಂಟಿಸುತ್ತದೆ.

ಸಾರಾಂಶ ಓದಿ ಉಲ್ಲೇಖಿಸುವವರಿಗೆ ಒಂದು ಮಾತು: ಫಲಿತಾಂಶದ ಕೋಷ್ಟಕ ತೆರೆಯಿರಿ. ರಕ್ತದೊತ್ತಡ ಇಳಿಯಿತು ಎನ್ನುವುದು ಬೇರೆ, ಹೃದಯಾಘಾತ ಕಡಿಮೆಯಾಯಿತು ಎನ್ನುವುದು ಬೇರೆ. ಪ್ರಯೋಗ ಅಳೆದದ್ದು ಮೊದಲನೆಯದನ್ನಾದರೆ, ಅಸೈನ್‌ಮೆಂಟಿನಲ್ಲೂ ಅಷ್ಟನ್ನೇ ಬರೆಯಿರಿ.