ಸಿಗರೇಟು ಬಿಡೋದು ಹೇಗೆ? ಮೊದಲು ಕಾಫಿ ಲೋಟ ಸಣ್ಣದು ಮಾಡಿ

ಪ್ಯಾಕಿನ ಮೇಲಿನ ಚಿತ್ರ ನೋಡಿ ನೋಡಿ ಸಿಗರೇಟು ಅಂದ್ರೆ ಬಾಯಿ, ಗಂಟಲು, ಶ್ವಾಸಕೋಶ ಅಷ್ಟೇ ಅಂತ ತಲೇಲಿ ಕೂತುಬಿಟ್ಟಿದೆ. ಅಂಡಾಶಯದ ಕ್ಯಾನ್ಸರಿಗೂ ಅದಕ್ಕೂ ಏನ್ರೀ ಸಂಬಂಧ ಅಂತ ನಾನೂ ಕೇಳಿದವಳೇ. ಹನ್ನೊಂದು ವರ್ಷ ಸೇದಿದೀನಿ. ಜುಲೈ ತಿಂಗಳ ಮಳೆಗೆ ಮನೆ ಹಿಂದಿನ ಜಗಲೀಲಿ ನಿಂತ್ಕೊಂಡು ಒಂದು ಕೈಲಿ ಕಾಫಿ, ಇನ್ನೊಂದು ಕೈಲಿ ಸಿಗರೇಟು, ಅತ್ತೆ ಚಪ್ಪಲಿ ಸದ್ದು ಕೇಳಿದ್ರೆ ಸಿಗರೇಟು ಸೀದಾ ರೊಬಸ್ಟಾ ಗಿಡದ ಬುಡಕ್ಕೆ. ಬಿಟ್ಟು ನಾಲ್ಕು ವರ್ಷ ಆಯ್ತು, ಆ ಗಿಡ ಚೆನ್ನಾಗೇ ಇದೆ.

ಸಂಬಂಧ ಇದೆ, ಆದ್ರೆ ಸೇದಿದ್ರೆ ಅಂಡಾಶಯದ ಕ್ಯಾನ್ಸರ್ ಬಂದೇ ಬರುತ್ತೆ ಅಂತ ವಾಟ್ಸಾಪಲ್ಲಿ ಬರೋ ಥರ ಅಲ್ಲ. ಅಂಡಾಶಯದ ಕ್ಯಾನ್ಸರ್ ಅಂದ್ರೆ ಒಂದೇ ಕಾಯಿಲೆ ಅಲ್ಲ, ಅದರಲ್ಲಿ ಹಲವು ಜಾತಿ. ಲೋಳೆ ತುಂಬ್ಕೊಳ್ಳೋ ಮ್ಯೂಸಿನಸ್ ಅನ್ನೋ ಒಂದು ಜಾತಿಗೆ ಮಾತ್ರ ಸಿಗರೇಟು ಕಾರಣ ಆಗುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2009ರಲ್ಲೇ ಹೇಳಿದೆ. 2012ರಲ್ಲಿ 51 ಅಧ್ಯಯನಗಳ ಲೆಕ್ಕ ಒಟ್ಟು ಹಾಕಿ ನೋಡಿದಾಗ, ಸೇದೋ ಹೆಂಗಸರಿಗೆ ಈ ಜಾತಿ ಬರೋ ಅಪಾಯ ಸೇದದೇ ಇರೋರಿಗಿಂತ ಸುಮಾರು 80% ಜಾಸ್ತಿ ಕಂಡಿತ್ತು. ಎಲ್ಲಕ್ಕಿಂತ ಹೆಚ್ಚು ಜನಕ್ಕೆ ಬರೋ, ಸೀರಸ್ (serous) ಅನ್ನೋ ಜಾತಿಗಾದ್ರೆ ಸಿಗರೇಟಿಂದ ವ್ಯತ್ಯಾಸ ಇಲ್ಲ. ಇನ್ನೆರಡು ಜಾತೀಲಿ ಸೇದೋರಿಗೆ ಅಪಾಯ ಸ್ವಲ್ಪ ಕಮ್ಮಿನೇ ಕಂಡಿದೆ, ಅದನ್ನ ಹಿಡ್ಕೊಂಡು ನೆಪ ಹೇಳಬೇಡಿ, ಶ್ವಾಸಕೋಶಕ್ಕೆ ಆ ರಿಯಾಯಿತಿ ಇಲ್ಲ. ಮ್ಯೂಸಿನಸ್ ಜಾತಿ ಅಪರೂಪದ್ದು ಅನ್ನೋದೂ ನಿಜ. ಬಿಟ್ಟಮೇಲೆ ವರ್ಷ ಕಳೆದ ಹಾಗೆ ಹೆಚ್ಚಿದ್ದ ಅಪಾಯ ಇಳೀತಾ ಬರುತ್ತೆ.

ಈಗ ಬಿಡೋ ಕೆಲಸ. ಮೊದಲು ದಿನ ನೋಡಿ. ಪುತ್ತರಿ ಹಬ್ಬ, ಮದುವೆ ಸೀಸನ್, ಕಾಫಿ ಕೊಯ್ಲಿಗೆ ಆಳು ಸಿಗದೆ ತಲೆ ಕೆಟ್ಟಿರೋ ಜನವರಿ, ಇವೆಲ್ಲ ಬೇಡ. ಮೊದಲ ಮೂರು ದಿನ ತುಂಬ ಕಷ್ಟ, ಆಮೇಲೆ ಎರಡು ಮೂರು ವಾರದಲ್ಲಿ ಕಡಿಮೆ ಆಗುತ್ತೆ, ಹಾಗಾಗಿ ಆ ಮೂರು ದಿನ ಮನೇಲಿ ಯಾರ ಮೇಲಾದ್ರೂ ರೇಗಿದ್ರೂ ನಡೆಯೋ ಹಾಗೆ ನೋಡ್ಕೊಳ್ಳಿ.

ಎರಡನೇದು ಕಾಫಿ, ಇದನ್ನ ನನಗೆ ಯಾರೂ ಹೇಳಿರಲಿಲ್ಲ. ಸಿಗರೇಟು ಹೊಗೇಲಿರೋ ಟಾರು ಲಿವರಿನ ಒಂದು ಕಿಣ್ವನ ಜೋರು ಮಾಡಿಟ್ಟಿರುತ್ತೆ, ಅದರಿಂದ ಸೇದೋರ ಮೈಯಲ್ಲಿ ಕೆಫೀನ್ ಬೇಗ ಬೇಗ ಕರಗುತ್ತೆ. ಬಿಟ್ಟ ಒಂದು ವಾರದೊಳಗೆ ಕಿಣ್ವ ಸುಮ್ಮನಾಗುತ್ತೆ, ನೀವು ಮಾತ್ರ ಅದೇ ಐದು ಲೋಟ ಕುಡೀತಾ ಇರ್ತೀರಿ, ರಕ್ತದಲ್ಲಿ ಕೆಫೀನ್ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ಕೈ ನಡುಕ, ಎದೆ ಢವಢವ, ರಾತ್ರಿ ಎರಡಾದ್ರೂ ಕಣ್ಣು ಮುಚ್ಚಲ್ಲ, ಇದು ಸಿಗರೇಟು ಕೇಳ್ತಿರೋದು ಅಂತ ನಾವು ತಿಳ್ಕೊಂಡು ಮತ್ತೆ ಹಚ್ತೀವಿ. ನಾನು ಎರಡು ಸಲ ಹೀಗೇ ಸೋತೆ. ಮೂರನೇ ಸಲ ಕಾಫಿನ ಅರ್ಧ ಮಾಡಿದೆ, ಬೆಲ್ಲದ ಕಾಫಿ ಸಣ್ಣ ಲೋಟದಲ್ಲಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಸ್ವಂತ ತೋಟ ಇಟ್ಕೊಂಡು ಕಾಫಿ ಅಳೆದು ಕುಡಿಯೋದಾ ಅಂತ ಮನೆಯವರು ನಕ್ಕರು.

ಮೂರನೇದು ನಿಕೋಟಿನ್ ಗಮ್. ಮೆಡಿಕಲ್ ಶಾಪಲ್ಲಿ ಸಿಗುತ್ತೆ, 2 ಮಿಲಿಗ್ರಾಂ ಮತ್ತೆ 4 ಮಿಲಿಗ್ರಾಂ. ಎದ್ದು ಅರ್ಧ ಗಂಟೆಯೊಳಗೇ ಸೇದೋರಿಗೆ 4ರದ್ದು. ಬಸುರಿಯಾಗಿದ್ರೆ, ಹೃದಯದ ತೊಂದರೆ ಇದ್ರೆ ಡಾಕ್ಟರನ್ನ ಕೇಳದೆ ಮುಟ್ಟಬೇಡಿ. ಬಬಲ್ ಗಮ್ ಥರ ಜಗೀತಾ ಇರಬಾರದು. ನಾಲಿಗೆ ಮೇಲೆ ಕಾಳುಮೆಣಸು ಕಚ್ಚಿದ ಹಾಗೆ ಚುರುಚುರು ಅಂದ ತಕ್ಷಣ ನಿಲ್ಸಿ ಕೆನ್ನೆ ಒಳಗೆ ಒತ್ತರಿಸಿ ಇಡಿ, ಚುರುಚುರು ಹೋದಮೇಲೆ ಮತ್ತೆ ಸ್ವಲ್ಪ ಜಗಿಯಿರಿ, ಅರ್ಧ ಗಂಟೆ ಇಷ್ಟೇ ಆಟ. ಇಲ್ಲೂ ಕಾಫಿ ಅಡ್ಡ ಬರುತ್ತೆ ನೋಡಿ, ಗಮ್ ಹಾಕೋ 15 ನಿಮಿಷ ಮೊದಲು ಮತ್ತೆ ಬಾಯಲ್ಲಿರೋವಾಗ ಕಾಫಿ, ಕಿತ್ತಳೆ ಜ್ಯೂಸು ಬೇಡ, ಬಾಯಿ ಹುಳಿಯಾದ್ರೆ ನಿಕೋಟಿನ್ ಒಳಗೆ ಹೋಗಲ್ಲ.

ನಮ್ಮ ತೋಟದ ಕೆಲಸದವರ ಲೈನ್ ಮನೇಲಿರೋ ಬೀಡಿ ಸೇದೋ ಅಜ್ಜಿಗೆ ಇದನ್ನೆಲ್ಲ ಹೇಳಿ ಒಂದು ಗಮ್ ತೋರಿಸಿದೆ. ಮೂಸಿ ನೋಡಿ ವಾಪಸ್ ಕೊಟ್ಟರು. "ಮೊದ್ಲು ನೀವು ಒಂದು ಮಳೆಗಾಲ ದಾಟಿ ಅಮ್ಮ, ಆಮೇಲೆ ನನಗೆ ಹೇಳಿ." ದಾಟಿ ಹೋಗಿ ಹೇಳಿದೆ. ಹತ್ತು ಬೀಡಿ ನಾಲ್ಕಕ್ಕೆ ಬಂದಿದೆ, ನಾಲ್ಕರಲ್ಲೇ ನಿಂತಿದೆ.

ಒಬ್ಬರೇ ಆಗಲ್ಲ ಅಂದ್ರೆ 1800-11-2356ಗೆ ಫೋನ್ ಮಾಡಿ, ಪುಕ್ಕಟೆ, ಆ ನಂಬರು ನಿಮ್ಮ ಪ್ಯಾಕಿನ ಮೇಲೇ ಇದೆ.

ಕೊನೇದು, ಸೇದಲಿ ಬಿಡಲಿ ಎಲ್ಲ ಹೆಂಗಸರಿಗೂ. ಹೊಟ್ಟೆ ಉಬ್ಬರ, ಎರಡು ಕಡುಬು ತಿನ್ನೋಷ್ಟರಲ್ಲೇ ಹೊಟ್ಟೆ ತುಂಬೋದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರಕ್ಕೆ ಓಡೋದು, ಇವು ಹೊಸದಾಗಿ ಶುರುವಾಗಿ ತಿಂಗಳಿಗೆ 12 ದಿನಕ್ಕಿಂತ ಜಾಸ್ತಿ ಬಂದ್ರೆ ಗ್ಯಾಸ್ ಅಂತ ಇಂಗು ನುಂಗ್ತಾ ಕೂರಬೇಡಿ, ಸ್ತ್ರೀರೋಗ ಡಾಕ್ಟರ ಹತ್ರ ಹೋಗಿ ಸ್ಕ್ಯಾನ್ ಮಾಡಿಸಿ. ಏನೂ ತೊಂದರೆ ಇಲ್ಲದೆ ವರ್ಷ ವರ್ಷ ಅಂಡಾಶಯದ ಕ್ಯಾನ್ಸರ್ ಹುಡುಕೋ ಸಿಎ-125 ಅನ್ನೋ ರಕ್ತ ಪರೀಕ್ಷೆ ಮಾಡಿಸೋದ್ರಿಂದ ಸಾವು ತಪ್ಪಲ್ಲ, ಬ್ರಿಟನ್ನಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನ ವರ್ಷಗಟ್ಟಲೆ ನೋಡಿ 2021ರಲ್ಲಿ ಇದನ್ನೇ ಹೇಳಿದ್ರು. ಪ್ಯಾಪ್ ಸ್ಮಿಯರ್ ಗರ್ಭಕೋಶದ ಕೊರಳಿನದ್ದು, ಅದು ನಾರ್ಮಲ್ ಬಂತು ಅಂದ್ರೆ ಅಂಡಾಶಯದ ಬಗ್ಗೆ ಏನೂ ಹೇಳಿದ ಹಾಗಾಗಲ್ಲ. ದಿನ ಲೆಕ್ಕ ಇಡೋಕೆ ಬೇರೆ ಡೈರಿ ಯಾಕೆ, ಮನೇಲಿ ಮಳೆ ಇಂಚು ಸೆಂಟು ಬರೆಯೋ ಪುಸ್ತಕ ಇರುತ್ತಲ್ಲ, ಅದರ ಪಕ್ಕದಲ್ಲೇ ಒಂದು ಗೀಟು ಹಾಕಿ, ಡಾಕ್ಟರು ಎಷ್ಟು ದಿನದಿಂದ ಅಂತ ಕೇಳಿದಾಗ ಆ ಪುಸ್ತಕನೇ ತೆಗೆದು ತೋರಿಸಿ.